ಹೊಗಳಿಕೆಯ ಹಿಂದಿನ ಲೆಕ್ಕ

ಹೊಳಲಿನಂಥ ಊರಿನಲ್ಲಿ ಕುಳಿತು ಕಡಲಿನ ಮಾತನ್ನಾಡಿದರೆ ಕೇಳಿದವರು ನಕ್ಕಾರು. ನಮ್ಮದು ತುಂಗಭದ್ರೆಯ ಸೀಮೆ. ಹೊಳೆ ತುಂಬಿ ಬಂದಾಗ ಕಂಡ ನೀರೇ ನಮ್ಮ ಹಿರಿಯರು ಕಂಡ ಮಹಾಜಲ. ಸಮುದ್ರವೆಂದರೆ ಅವರಿಗೆ ಪುರಾಣದ ಸಂಗತಿ; ಹನುಮಂತ ದಾಟಿದ್ದು, ದೇವತೆಗಳು ಕಡೆದದ್ದು. ಆದರೂ ಈ ಲೇಖನ ಸಮುದ್ರದಿಂದ ಬಂದವರನ್ನು ಕುರಿತದ್ದು, ಮತ್ತು ಇದಕ್ಕೆ ಮೊದಲ ಪ್ರೇರಣೆ ದೊರೆತದ್ದು ನಮ್ಮ ಊರಿನಲ್ಲಿಯೇ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಸೇರಿದ್ದೆವು. ವಿಜಯನಗರವನ್ನು ಕಂಡ ಪರದೇಶಿಗಳು ಏನು ಬರೆದಿಟ್ಟಿದ್ದಾರೆಂಬುದನ್ನು ನಾನು ಓದಿ ಹೇಳುತ್ತಿದ್ದೆ. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಜನು ಹಂಪೆಯನ್ನು ರೋಮಿಗೆ ಹೋಲಿಸಿದ್ದು, ಇಷ್ಟು ಸಮೃದ್ಧಿಯ ಪಟ್ಟಣ ಲೋಕದಲ್ಲಿ ಬೇರೊಂದಿಲ್ಲವೆಂದದ್ದು, ಕೃಷ್ಣದೇವರಾಯನು ಬೆಳಗಿನ ಜಾವಕ್ಕೆ ಎದ್ದು ಎಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು ಸಾಮು ಮಾಡುತ್ತಿದ್ದನೆಂಬುದು, ಎಲ್ಲವನ್ನೂ ಉತ್ಸಾಹದಿಂದ ಹೇಳಿದೆ. ಕೇಳಿದವರ ಎದೆಯುಬ್ಬಿತು. 2021ರಲ್ಲಿ ವಿಜಯನಗರವೆಂಬ ಹೆಸರಿನ ಜಿಲ್ಲೆಯೇ ಆಗಿ ನಮ್ಮ ಹಡಗಲಿ ತಾಲ್ಲೂಕು ಅದರೊಳಗೆ ಸೇರಿದ ಮೇಲಂತೂ ಈ ಹೆಮ್ಮೆ ಇನ್ನೂ ಒಂದು ಗೇಣು ಬೆಳೆದಿದೆ.

ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕರು ಮಾತ್ರ ತಲೆದೂಗಲಿಲ್ಲ. ಪ್ರಾಯದಲ್ಲಿ ದನದ ಸಂತೆಗಳಲ್ಲಿ ದಲಾಲಿ ಮಾಡಿದವರು ಅವರು. ಎಲೆಅಡಿಕೆ ಉಗುಳಿ ಬಂದು ಕೇಳಿದರು:

“ಎಲ್ಲಾ ಖರೆ ಮಾಸ್ತರ. ಆದ್ರ ಆ ಪರದೇಶದಾವ ಇಲ್ಲಿಗೆ ಯಾತಕ್ಕ ಬಂದಿದ್ದಾ? ಏನ್ ಮಾರಾಕ ಬಂದಿದ್ದಾ?”

“ಕುದುರೆ” ಎಂದೆ.

“ಹಂಗನ್ರಿ ಮತ್ತ. ಎತ್ತು ಮಾರಾಕ ಬಂದಾವ ಮೊದಲ ಮನಿ ಹೊಗಳತಾನ. ಆಮ್ಯಾಲ ಎತ್ತಿನ ಹಲ್ಲು ತೋರಸ್ತಾನ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಪಾಯೆಸ್, ನೂನಿಜ್, ಡೆಲ್ಲಾ ವಲ್ಲೆ ಇವರ ಬರಹಗಳನ್ನು ನಾನು ಮತ್ತೆ ಮೊದಲಿನಿಂದ ಓದಿದ್ದು ಆ ಮಾತನ್ನು ಮುಂದಿಟ್ಟುಕೊಂಡು. ಹಾಗೆ ಓದಿದಾಗ ತೋರಿದ್ದನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಗ್ರಂಥಗಳು ನಮ್ಮ ಕೈಗೆ ಬಂದ ದಾರಿಯನ್ನು ನೋಡೋಣ. ಪಾಯೆಸ್ ಹಂಪೆಗೆ ಬಂದದ್ದು ಸುಮಾರು 1520ರಲ್ಲಿ. ಕುದುರೆಯ ವ್ಯಾಪಾರಿ ಫೆರ್ನಾವೊ ನೂನಿಜ್ ಅಲ್ಲಿದ್ದದ್ದು ಅದಾದ ಸುಮಾರು 15 ವರ್ಷಗಳ ಮೇಲೆ, ಅಚ್ಯುತರಾಯನ ಕಾಲದಲ್ಲಿ. ಇಬ್ಬರ ಬರಹಗಳೂ ಗೋವೆಯಿಂದ ಪೋರ್ಚುಗಲ್ಲಿಗೆ ಹೋದವು. ಅವುಗಳ ಕೈಬರಹ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿತ್ತು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸನು 1897ರಲ್ಲಿ ಅವನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮದರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸೀವೆಲ್ 1900ರಲ್ಲಿ, ಮರೆತುಹೋದ ಸಾಮ್ರಾಜ್ಯವೆಂದು ಹೆಸರಿಟ್ಟ ತನ್ನ ಗ್ರಂಥದಲ್ಲಿ, ಎರಡನ್ನೂ ಇಂಗ್ಲಿಷಿನಲ್ಲಿ ಕೊಟ್ಟ. ಕನ್ನಡಿಗರು ಓದಿದ್ದು ಬಹುಮಟ್ಟಿಗೆ ಸೀವೆಲ್ಲನ ಇಂಗ್ಲಿಷನ್ನು, ಇಲ್ಲವೆ ಅದರಿಂದ ಆದ ಕನ್ನಡವನ್ನು. ಎಂದರೆ ನಮ್ಮ ನಾಡಿನ ಸುದ್ದಿ ಲಿಸ್ಬನ್ ಲಂಡನ್ನುಗಳನ್ನು ಸುತ್ತಿ, ಮೂರನೆಯ ಕೈಯಿಂದ ನಮಗೆ ಮರಳಿ ಬಂದಿತು.

ಮೂರನೆಯ ಕೈಯೆಂದು ತಿರಸ್ಕಾರವಿಲ್ಲ. ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಸಂಪುಟದ ಮೇಲೆ ಸಂಪುಟವಾಗಿ ಈ ಬಗೆಯ ಬರಹಗಳನ್ನು ಕನ್ನಡಕ್ಕೆ ತಂದದ್ದು ದೊಡ್ಡ ಉಪಕಾರ. ಆ ಸಂಪುಟಗಳು ಇಲ್ಲದಿದ್ದರೆ ಹೊಳಲಿನ ಕಟ್ಟೆಯ ಮೇಲೆ ಇಂಥ ಓದು ನಡೆಯುವ ಮಾತೇ ಇರುತ್ತಿರಲಿಲ್ಲ. ಆದರೆ ಮೂರು ಕೈ ದಾಟಿದ ಪದಾರ್ಥದಲ್ಲಿ ಏನು ಬದಲಾಗಿದೆಯೆಂದು ನೋಡುವುದು ವಿಮರ್ಶಕನ ಕೆಲಸ. ಒಂದು ಸಣ್ಣ ಉದಾಹರಣೆ ಸಾಕು. ಈ ಬರಹಗಳಲ್ಲಿ ಹೆಜ್ಜೆಹೆಜ್ಜೆಗೂ ‘ಪರ್ದಾವೊ’ ಎಂಬ ನಾಣ್ಯ ಬರುತ್ತದೆ. ಓದುವವನು ಅದನ್ನು ಪೋರ್ಚುಗೀಜರ ನಾಣ್ಯವೆಂದೇ ತಿಳಿಯುತ್ತಾನೆ. ಆದರೆ ಆ ಶಬ್ದದ ಮೂಲ ನಮ್ಮ ‘ಪ್ರತಾಪ’. ವಿಜಯನಗರದ ಟಂಕಸಾಲೆಯಲ್ಲಿ ಹುಟ್ಟಿದ ಹೊನ್ನಿನ ನಾಣ್ಯದ ಹೆಸರು. ಅದು ಕಡಲಂಚಿನ ವ್ಯಾಪಾರಿಗಳ ಬಾಯಿಯಲ್ಲಿ ಸವೆದು ಪರ್ದಾವೊ ಆಯಿತು; ಮುಂದೆ ಅವರು ವರಹಕ್ಕೂ ಅದೇ ಹೆಸರನ್ನು ಹೇಳಿದರು. ಇಂದು ಕನ್ನಡ ಪುಸ್ತಕದಲ್ಲಿ ಅದು ಪರದೇಶಿಯ ವೇಷದಲ್ಲಿ ಬಂದು ನಿಂತರೆ, ನಮ್ಮ ಮನೆಯ ಮಗನನ್ನು ನಾವೇ ಗುರುತಿಸದೆ “ಯಾರು ಬೇಕಾಗಿತ್ತು?” ಎಂದು ಕೇಳಿದಂತೆ ಆಗುತ್ತದೆ. ನಾಣ್ಯಕ್ಕೆ ಆದದ್ದೇ ನಮ್ಮ ಇತಿಹಾಸಕ್ಕೂ ಆಗಿದೆ.

ಇನ್ನು ಪಾಯೆಸನ ವಿಷಯ. ಅವನ ಬರವಣಿಗೆ ನಿಜವಾಗಿ ಸೊಗಸಾದದ್ದು. ಕಂಡದ್ದನ್ನು ಕಂಡಂತೆ ಹೇಳುವ ಶಕ್ತಿ ಅವನಿಗಿದೆ. ಕಾಣದ್ದನ್ನು ಕಂಡೆನೆಂದು ಹೇಳುವ ಚಪಲ ಕಡಿಮೆ. ಪೇಟೆಯಲ್ಲಿ ಏನು ಮಾರುತ್ತದೆ, ಒಂದು ಹಣಕ್ಕೆ ಎಷ್ಟು ಹಕ್ಕಿ ಬರುತ್ತವೆ, ಕೆರೆಯ ಏರಿ ಎಷ್ಟು ಅಗಲ, ಬಾಗಿಲಿನಿಂದ ಬಾಗಿಲಿಗೆ ಎಷ್ಟು ದೂರ, ಇದೆಲ್ಲವನ್ನೂ ಅವನು ಎಣಿಸಿ ಹೇಳುತ್ತಾನೆ. ಕೃಷ್ಣದೇವರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದುವೆಂಬುದನ್ನು ನಮಗೆ ತಿಳಿಸಿದವನು ಇವನೇ. ರಾಯನ ಶೌರ್ಯ ಔದಾರ್ಯಗಳನ್ನು ಹಾಡಿದವರು ಹಲವರು. ಮುಖವನ್ನು ಕಂಡಂತೆ ಬರೆದಿಟ್ಟವನು ಈ ಪರದೇಶಿ. ಇದಕ್ಕಾಗಿ ನಾವು ಅವನಿಗೆ ಋಣಿಗಳು.

ಆದರೆ ಈ ಎಣಿಸುವ ಕಣ್ಣು ಯಾರ ಕಣ್ಣು? ವ್ಯಾಪಾರದ ಕಣ್ಣು. ಅವನ ವರ್ಣನೆ ನಂಬಿಕೆಗೆ ಅರ್ಹವಾದದ್ದೇ ಅದರಿಂದ. ಸಂತೆಗೆ ಬಂದವನು ಸರಕನ್ನು ತಪ್ಪಾಗಿ ಎಣಿಸಿದರೆ ಅವನಿಗೇ ನಷ್ಟ. ಪಾಯೆಸನು ಒಂಟಿಯಾಗಿ ಬಂದ ಯಾತ್ರಿಕನಲ್ಲ. ಕ್ರಿಸ್ಟೋವಾವೊ ಡ ಫಿಗೆರೆಡೊ ಎಂಬ ಪೋರ್ಚುಗೀಜ ಮುಖಂಡನ ಜೊತೆಯಲ್ಲಿ ಬಂದವನು. ಆ ತಂಡವನ್ನು ರಾಯನು ಬಹಳ ಆದರದಿಂದ ಕಂಡ. ಫಿಗೆರೆಡೊವಿಗೆ ಜರತಾರಿಯ ಅಂಗಿಯನ್ನೂ ಕುಲಾವಿಯನ್ನೂ, ಉಳಿದವರಿಗೆ ಕಸೂತಿಯ ವಸ್ತ್ರಗಳನ್ನೂ ಕೊಟ್ಟ. ನಮ್ಮಲ್ಲಿ ಇದನ್ನು ರಾಯನ ಔದಾರ್ಯವೆಂದು ಓದುವುದು ವಾಡಿಕೆ. ಔದಾರ್ಯ ಹೌದು, ಆದರೆ ಅಷ್ಟೇ ಅಲ್ಲ. ‘ಆಮುಕ್ತಮಾಲ್ಯದ’ದಲ್ಲಿ ರಾಯನೇ ರಾಜನೀತಿಯನ್ನು ಹೇಳುವ ಭಾಗವೊಂದಿದೆ. ದೂರದೇಶಗಳಿಂದ ಆನೆಗಳನ್ನೂ ಒಳ್ಳೆಯ ಕುದುರೆಗಳನ್ನೂ ತರುವ ವ್ಯಾಪಾರಿಗಳನ್ನು ಮನ್ನಣೆ ಮಾಡಿ, ಉಡುಗೊರೆ ಕೊಟ್ಟು, ಲಾಭ ಬಿಟ್ಟು ತನ್ನವರನ್ನಾಗಿ ಇಟ್ಟುಕೊಳ್ಳಬೇಕು, ಆ ಪದಾರ್ಥಗಳು ಶತ್ರುವಿನ ಕೈಗೆ ಹೋಗಬಾರದು ಎಂಬುದು ಅಲ್ಲಿಯ ಅಭಿಪ್ರಾಯ. ಬಂದರುಗಳನ್ನು ಚೆನ್ನಾಗಿಡಬೇಕೆಂಬ ಬುದ್ಧಿವಾದವೂ ಅದರೊಡನೆಯೇ ಇದೆ. ಎಂದರೆ ಅಂಗಿ ಕೊಟ್ಟವನಿಗೂ ಲೆಕ್ಕ ತಿಳಿದಿತ್ತು, ತೊಟ್ಟುಕೊಂಡವನಿಗೂ ತಿಳಿದಿತ್ತು. ತಿಳಿಯದವರು ಐದು ನೂರು ವರ್ಷಗಳ ಮೇಲೆ ಓದಿದ ನಾವು ಮಾತ್ರ!

ನೂನಿಜನ ಬರಹಕ್ಕೆ ಬಂದರೆ ಲೆಕ್ಕ ಇನ್ನೂ ಬಿಚ್ಚಿಕೊಳ್ಳುತ್ತದೆ. ರಾಯರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಅವನು ಹೇಳುತ್ತಾನೆ; ಹೊರ್ಮುಜಿನದೂ ನಾಡಿನದೂ ಸೇರಿದ ಎಣಿಕೆ ಅದು. ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಸತ್ತ ಕುದುರೆಗೂ ಬೆಲೆ ಸಿಕ್ಕುತ್ತಿತ್ತಂತೆ: ಹಡಗಿನಲ್ಲಿಯೇ ಸತ್ತದ್ದರ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ್ದರೆ ಎಷ್ಟೋ ಅಷ್ಟು ಹೊನ್ನು. ಇದನ್ನು ಓದಿ ನಮ್ಮವರು ಅಂದಿನ ಸಿರಿಗೆ ಬೆರಗಾಗುತ್ತಾರೆ. ದಲಾಲಿ ಮುದುಕರಿಗೆ ಹೇಳಿದಾಗ ಅವರು ಬೆರಗಾಗಲಿಲ್ಲ. “ಬಾಲಕ್ಕ ರೊಕ್ಕ ಕೊಡತಾನಂದ್ರ ಅವಂಗ ಎಷ್ಟ್ ಗರಜು ಇತ್ತು ನೋಡ್ರಿ” ಎಂದರು. ಕೊಳ್ಳುವವನ ಗರಜು ಮಾರುವವನಿಗೆ ತಿಳಿದ ಮೇಲೆ ಬೆಲೆ ಯಾರ ಕೈಯಲ್ಲಿರುತ್ತದೆಂಬುದನ್ನು ಸಂತೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹವೆಗೆ ಒಳ್ಳೆಯ ಯುದ್ಧದ ಕುದುರೆ ಹುಟ್ಟಿ ಬೆಳೆಯುವುದು ಕಷ್ಟ. ಕುದುರೆಯಿಲ್ಲದೆ ಬಹಮನಿಯ, ಆಮೇಲೆ ಬಿಜಾಪುರದ ದಂಡನ್ನು ಎದುರಿಸುವುದು ಇನ್ನೂ ಕಷ್ಟ. ಆ ಕುದುರೆ ಬರಬೇಕಾದದ್ದು ಕಡಲಿನಿಂದ.

ನೂನಿಜನ ಇನ್ನೊಂದು ಗುಣವನ್ನೂ ಗಮನಿಸಬೇಕು. 1520ರ ರಾಯಚೂರಿನ ಕಾಳಗವನ್ನು ಅವನು ಬಹಳ ವಿಸ್ತಾರವಾಗಿ, ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಕೋಟೆ ಬಿದ್ದದ್ದರಲ್ಲಿ ಫಿಗೆರೆಡೊ ಮತ್ತು ಅವನ ಕೆಲವೇ ಬಂದೂಕುಗಾರರ ಪಾತ್ರ ಅವನ ಕಥನದಲ್ಲಿ ಎದ್ದು ಕಾಣುತ್ತದೆ. ಆದರೆ ನೂನಿಜ್ ಹಂಪೆಯಲ್ಲಿ ಇದ್ದದ್ದು ಆ ಕಾಳಗವಾಗಿ 15 ವರ್ಷಗಳ ಮೇಲೆ. ಅವನು ಬರೆದದ್ದು ಕೇಳಿದ ಕತೆ; ತನ್ನವರ ಬಾಯಲ್ಲಿ ಬೆಳೆದ ಕತೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಯಾರು, ಯಾವಾಗ, ಯಾರಿಗಾಗಿ ಹೇಳಿದ್ದು ಎಂಬುದನ್ನು ಕೇಳಿಕೊಂಡು ಓದಬೇಕೆಂದು ಹೇಳುತ್ತೇನೆ. ನಮ್ಮ ಇತಿಹಾಸದ ಪಾಠಗಳಲ್ಲಿ ಪಾಯೆಸ್ ನೂನಿಜರನ್ನು ಜೋಡೆತ್ತುಗಳಂತೆ ಒಂದೇ ನೊಗಕ್ಕೆ ಹೂಡಿ ಬಿಡುತ್ತಾರೆ. ಒಬ್ಬ ಕಂಡು ಬರೆದವನು. ಇನ್ನೊಬ್ಬ ಹಳೆಯದನ್ನೆಲ್ಲ ಕೇಳಿ ಬರೆದವನು. ಈ ಭೇದವನ್ನಾದರೂ ವಿದ್ಯಾರ್ಥಿಗಳಿಗೆ ಹೇಳಬೇಕಷ್ಟೆ.

ಇಲ್ಲಿಯವರೆಗೆ ಹೇಳಿದ್ದು ಘಟ್ಟದ ಮೇಲಿನ ಮಾತು. ಪಾಯೆಸನ ಕಥನದಲ್ಲಿ ಹೇರಿನ ಎತ್ತುಗಳ ಸಾಲು ಭಟ್ಕಳದ ದಾರಿಯಲ್ಲಿ ಸಾಗುವ ಚಿತ್ರವೊಂದಿದೆ. ಆ ಎತ್ತುಗಳ ಹಿಂದೆಯೇ ನಾವು ಘಟ್ಟವಿಳಿದು ಭಟ್ಕಳಕ್ಕೆ ಹೋದರೆ ಅದೇ ಪೋರ್ಚುಗೀಜನ ಇನ್ನೊಂದು ಮುಖ ಕಾಣುತ್ತದೆ.

1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯಿಂದ ಹಿಂತಿರುಗುವಾಗ ಕಾರವಾರದ ಬಳಿಯ ಅಂಜದೀವದಲ್ಲಿ ಹಡಗುಗಳನ್ನು ದಡಕ್ಕೆಳೆದು ತಿಕ್ಕಿ ತೊಳೆದುಕೊಂಡು ಹೋದ. ಅದು ಪರಿಚಯ. ನಾಲ್ಕೇ ವರ್ಷಗಳಲ್ಲಿ, 1502ರಲ್ಲಿ, ಎರಡನೆಯ ಸಲ ಬಂದಾಗ ಅವನ ಜೊತೆಗೆ ಫಿರಂಗಿಗಳಿದ್ದುವು. ಭಟ್ಕಳದವರು ವರ್ಷವರ್ಷವೂ ಅಕ್ಕಿಯ ಕಪ್ಪವನ್ನು ಒಪ್ಪಿಸಬೇಕಾಯಿತು. 1505ರಲ್ಲಿ ಮೊದಲ ವೈಸರಾಯ್ ಅಲ್ಮೇಡನು ಅಂಜದೀವದಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಮೇಲೆ ಬಿದ್ದು ಅಲ್ಲಿಯ ಹಡಗುಗಳನ್ನು ಸುಟ್ಟ. ಈ ಭಟ್ಕಳ ಹೊನ್ನಾವರಗಳು ಯಾರವು? ವಿಜಯನಗರದ ಮೇಲಾಳಿಕೆಗೆ ಒಳಪಟ್ಟ ಬಂದರುಗಳೇ. ಮೇಲೆ ರೋಮಿಗೆ ಹೋಲಿಸಿ ಹೊಗಳಿಸಿಕೊಂಡ ಸಾಮ್ರಾಜ್ಯದ ಹೊಸ್ತಿಲೇ ಕೆಳಗೆ ಉರಿದಿತ್ತು.

ಆದರೆ ಇದನ್ನು ಬರಿಯ ಪರಕೀಯರ ದೌರ್ಜನ್ಯದ ಕತೆಯಾಗಿ ಮಾಡಿದರೂ ತಪ್ಪಾಗುತ್ತದೆ. ಹೊನ್ನಾವರದ ತಿಮ್ಮೋಜನನ್ನು ನೋಡಿ. ಪೋರ್ಚುಗೀಜರ ಲೆಕ್ಕದಲ್ಲಿ ಅವನು ಮೊದಲು ಕಡಲ್ಗಳ್ಳ, ಆಮೇಲೆ ಮಿತ್ರ. 1510ರಲ್ಲಿ ಗೋವೆಯನ್ನು ಹಿಡಿಯುವಂತೆ ಆಲ್ಬುಕರ್ಕನಿಗೆ ಸಲಹೆ ಕೊಟ್ಟವನೂ ಜೊತೆಗೆ ನಿಂತವನೂ ಅವನೇ. ಆ ವರ್ಷ ಗೋವೆ ಒಮ್ಮೆ ಸಿಕ್ಕಿ ಕೈಬಿಟ್ಟು, ನವೆಂಬರಿನಲ್ಲಿ ಮತ್ತೆ ಪೋರ್ಚುಗೀಜರ ವಶವಾಯಿತು. 1515ರಲ್ಲಿ ಹೊರ್ಮುಜೂ ಅವರ ಕೈಸೇರಿತು. ಕುದುರೆ ಹಡಗು ಹತ್ತುವ ರೇವೂ ಅವರದು, ಇಳಿಯುವ ರೇವೂ ಅವರದು. ಅಲ್ಲಿಂದ ಮುಂದೆ ವಿಜಯನಗರಕ್ಕೆ ಕೊಡುತ್ತೇವೆಂದು ಬಿಜಾಪುರವನ್ನೂ, ಬಿಜಾಪುರಕ್ಕೆ ಕೊಡುತ್ತೇವೆಂದು ವಿಜಯನಗರವನ್ನೂ ಕುಣಿಸುವುದು ಅವರಿಗೆ ಕಷ್ಟವಾಗಲಿಲ್ಲ. ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯುಂಟಲ್ಲ, ಅದೇ ವಸ್ತ್ರದ ಅಡಿಯಲ್ಲಿ ಇಬ್ಬರ ಬೆರಳನ್ನೂ ಒಟ್ಟಿಗೆ ಹಿಡಿದ ಜಾಣರು ಇವರು.

1547ರ ಒಪ್ಪಂದದಲ್ಲಿ ಈ ವ್ಯವಹಾರ ಕಾಗದಕ್ಕೆ ಇಳಿಯಿತು. ಗೋವೆಯ ಗವರ್ನರ್ ಜೊವಾವೊ ಡ ಕಾಸ್ಟ್ರೊ ಒಂದು ಕಡೆ, ಸದಾಶಿವರಾಯನ ಹೆಸರಿನಲ್ಲಿ ನಡೆಯುತ್ತಿದ್ದ ವಿಜಯನಗರ ಇನ್ನೊಂದು ಕಡೆ. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಮಾತ್ರ. ವಿಜಯನಗರದ ಸರಕು ಅಂಕೋಲೆ ಹೊನ್ನಾವರಗಳ ಮೂಲಕ ಪೋರ್ಚುಗೀಜರಿಗೆ ಮಾತ್ರ. ನಮ್ಮ ನಾಡಿನ ಬಟ್ಟೆಗೆ ಬದಲಾಗಿ ತಾಮ್ರ, ಹವಳ, ಇಂಗುಲಿಕ, ಪಾದರಸ, ಚೀನಾ ರೇಷ್ಮೆ. ಕಬ್ಬಿಣ ಮತ್ತು ಪೆಟ್ಲುಪ್ಪಿನ ಮಾತೂ ಅದರಲ್ಲಿತ್ತು. ಎರಡೂ ಯುದ್ಧದ ಸಾಮಗ್ರಿಗಳೆಂಬುದನ್ನು ಮರೆಯಬಾರದು. ಬಿಜಾಪುರವನ್ನು ಹಸಿವಿನಲ್ಲಿಡುವುದು ಇಬ್ಬರ ಉದ್ದೇಶ. ಕಾಗದದಲ್ಲಿ ಕಾಣದವರು ಯಾರೆಂದರೆ ನಡುವೆ ಸಿಕ್ಕಿದವರು: ಭಟ್ಕಳ ಬಸರೂರುಗಳ ವ್ಯಾಪಾರಿಗಳು, ಗೇರುಸೊಪ್ಪೆ ಉಳ್ಳಾಲಗಳ ಅರಸಿಯರು. ರಾಯರು ಕುದುರೆಗೆ ಬೆಲೆ ಕೊಟ್ಟದ್ದು ವರಹದಲ್ಲಿ ಮಾತ್ರವಲ್ಲ. ಆ ಬೆಲೆಯ ಒಂದು ಭಾಗವನ್ನು ಕರಾವಳಿಯವರು ಅಕ್ಕಿಯಲ್ಲಿಯೂ ರಕ್ತದಲ್ಲಿಯೂ ತೆತ್ತರು. ಈ ಬರಹಗಳಿಂದ ನಾನು ಕಲಿತ ಮುಖ್ಯ ಪಾಠ ಇದೇ.

1565ರಲ್ಲಿ ಸಾಮ್ರಾಜ್ಯ ಮುರಿಯಿತು. 1567ರಲ್ಲಿ ಹಂಪೆಗೆ ಬಂದು ಏಳು ತಿಂಗಳು ಇದ್ದ ಸೀಸರ್ ಫ್ರೆಡರಿಕ್ ಎಂಬ ವೆನಿಸಿನವನು ಪಾಳುಬೀಳುತ್ತಿದ್ದ ಪಟ್ಟಣವನ್ನು ವರ್ಣಿಸಿದ್ದಾನೆ. ಇಪ್ಪತ್ತು ಕುದುರೆ ತಂದ ಹಡಗಿನ ಉಳಿದ ಸರಕಿಗೆ ಗೋವೆಯಲ್ಲಿ ಸುಂಕವಿರಲಿಲ್ಲವೆಂಬ ಸಂಗತಿಯೂ ಅವನಿಂದಲೇ ತಿಳಿಯುತ್ತದೆ. ಕೊಳ್ಳುವ ದೊಡ್ಡ ಗಿರಾಕಿ ಹೋದ ಮೇಲೆ ಮಾರುವವನಿಗೆ ದಾಕ್ಷಿಣ್ಯವೇಕೆ? 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ ಮತ್ತು ಬಸರೂರು ಪೋರ್ಚುಗೀಜರ ಕೋಟೆಗಳಾದುವು. ನಾಲ್ಕೇ ವರ್ಷ! ಹಂಪೆಯ ಪತನವನ್ನು ಕುರಿತು ಕಣ್ಣೀರಿಟ್ಟ ನಮ್ಮ ಎಷ್ಟು ಲೇಖಕರು ಈ ನಾಲ್ಕು ವರ್ಷಗಳ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದಿದ್ದಾರೆ?

ಈಗ ಇನ್ನೊಬ್ಬ ಪ್ರವಾಸಿಯ ಮಾತು. 1623ರಲ್ಲಿ ಬಂದ ಇಟಲಿಯ ಪೀಟ್ರೊ ಡೆಲ್ಲಾ ವಲ್ಲೆ ಮೇಲಿನವರಿಗಿಂತ ಬೇರೆ ಜಾತಿಯವನು. ಅವನಿಗೆ ಮಾರುವುದು ಏನೂ ಇರಲಿಲ್ಲ. ಉಳ್ಳವನು, ಓದಿದವನು, ಕುತೂಹಲಕ್ಕಾಗಿ ತಿರುಗುವವನು. ನೇಪಲ್ಸಿನ ಗೆಳೆಯನಿಗೆ ಬರೆದ ಕಾಗದಗಳೇ ಅವನ ಗ್ರಂಥ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಜರ ರಾಯಭಾರದ ಜೊತೆಗೂಡಿ ಅವನು ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದ. ಹುಡುಗರು ಮರಳಿನ ಮೇಲೆ ಅಂಕಿ ಬರೆದು ಹಾಡಿನಂತೆ ಮಗ್ಗಿ ಕಲಿಯುತ್ತಿದ್ದುದನ್ನು ನಿಂತು ನೋಡಿ ಬರೆದ. ಪಾಯೆಸನ ಕಣ್ಣಿಗೆ ಇಂಥದು ಬಿದ್ದಿದ್ದರೂ ಅವನು ಬರೆಯುತ್ತಿದ್ದನೋ ಇಲ್ಲವೋ.

ಉಳ್ಳಾಲದ ರಾಣಿಯನ್ನು ಅವನು ಕಂಡ ಸಂದರ್ಭವಂತೂ ನಮ್ಮ ಯಾವ ಕಾದಂಬರಿಯಲ್ಲಿಯೂ ಬರಬಹುದಾದ ಚಿತ್ರ. ಆಕೆ ಅರಮನೆಯಲ್ಲಿ ಸಿಂಹಾಸನದ ಮೇಲಿರಲಿಲ್ಲ. ಹೊಲದ ಕಡೆ ಕಾಲುವೆ ತೋಡುವ ಕೆಲಸವನ್ನು ನೋಡಲು ಬರಿಗಾಲಿನಲ್ಲಿ ನಡೆದು ಹೋಗಿದ್ದಳು. ಸಾದಾ ಬಿಳಿಯ ಹತ್ತಿಯ ಉಡುಗೆ, ಕಪ್ಪು ಮೈಬಣ್ಣ, ಸುಮಾರು 40ರ ವಯಸ್ಸು. ನೋಟಕ್ಕೆ ರಾಣಿಯಂತೆ ಕಾಣಲಿಲ್ಲವೆಂದು ಹೇಳಿದರೂ, ಮಾತಿನಲ್ಲಿ ವಿವೇಕ ಕಂಡಿತೆಂದು ಅವನು ಒಪ್ಪಿದ್ದಾನೆ. ನಮ್ಮ ಪಟಗಳಲ್ಲಿ ಉಳ್ಳಾಲದ ಅಬ್ಬಕ್ಕ ಕುದುರೆಯೇರಿ ಕತ್ತಿ ಹಿರಿದು ನಿಲ್ಲುತ್ತಾಳೆ. ಆ ಪಟವೂ ಇರಲಿ. ಆದರೆ ಬರಿಗಾಲಿನಲ್ಲಿ ಕಾಲುವೆಯ ಏರಿಯ ಮೇಲೆ ನಿಂತ ಉಳ್ಳಾಲದ ಈ ಅರಸಿ ನನಗೆ ಹೆಚ್ಚು ನಿಜವೆನಿಸುತ್ತಾಳೆ, ಹೆಚ್ಚು ದೊಡ್ಡವಳೂ ಆಗಿ ಕಾಣುತ್ತಾಳೆ.

ಹಾಗೆಂದು ಮಾರುವುದಿಲ್ಲದವನೆಲ್ಲ ಪೂರ್ಣ ಸತ್ಯವಂತನೆಂದು ತಿಳಿಯಬಾರದು. ಪೋರ್ಚುಗೀಜರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಅರಸಿಯನ್ನು ಕುರಿತು ಡೆಲ್ಲಾ ವಲ್ಲೆ ಬರೆದದ್ದೇ ಇದಕ್ಕೆ ಸಾಕ್ಷಿ. ಚೆನ್ನಭೈರಾದೇವಿ 16ನೆಯ ಶತಮಾನದ ನಡುವಿನಿಂದ ಸುಮಾರು ಅರ್ಧ ಶತಮಾನ ಆಳಿ, 1606ರ ಹೊತ್ತಿಗೆ ಇದೇ ವೆಂಕಟಪ್ಪ ನಾಯಕನಿಗೆ ಸೋತವಳು. ಅವಳ ರಾಜ್ಯದ ಪತನಕ್ಕೆ ಡೆಲ್ಲಾ ವಲ್ಲೆ ಕೊಡುವ ಕಾರಣ ಒಂದು ಪ್ರೇಮದ ಕತೆ: ರಾಣಿ ಕೀಳು ಮನುಷ್ಯನೊಬ್ಬನಿಗೆ ಮನಸೋತು ಕೆಟ್ಟಳೆಂದು. ಅವನು ಆ ಕತೆಯನ್ನು ಕೇಳಿದ್ದು ಗೆದ್ದ ನಾಯಕನ ನಾಡಿನಲ್ಲಿ, ಪೋರ್ಚುಗೀಜ ರಾಯಭಾರಿಯ ಬಿಡಾರದಲ್ಲಿ. ಮೆಣಸಿನ ಕಣಜ ಯಾರ ಕೈಯಲ್ಲಿರಬೇಕೆಂಬುದೇ ಅಲ್ಲಿಯ ನಿಜವಾದ ಜಗಳ. ಸೋತವಳು ಹೆಂಗಸಾದರೆ ಸೋಲಿಗೆ ಪ್ರೇಮವನ್ನು ಕಾರಣ ಹೇಳುವುದು ಸುಲಭ. ಗಂಡಸು ಸೋತರೆ ಫಿರಂಗಿಯನ್ನೋ ದ್ರೋಹವನ್ನೋ ಹೇಳುತ್ತೇವೆ. ಈಚೆಗೆ ಗಜಾನನ ಶರ್ಮರು ತಮ್ಮ ‘ಚೆನ್ನಭೈರಾದೇವಿ’ ಕಾದಂಬರಿಯಿಂದ ಈ ಅರಸಿಯನ್ನು ಕನ್ನಡ ವಾಚಕರ ನಡುವೆ ತಂದು ನಿಲ್ಲಿಸಿದ್ದು ಅದಕ್ಕಾಗಿಯೇ ನನಗೆ ಸಂತೋಷದ ಸಂಗತಿ.

ಮುಂದಿನ ಕತೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಡಚ್ಚರು ಬಂದು ಪೋರ್ಚುಗೀಜರ ಹಡಗುಗಳನ್ನು ಮೂಲೆಗೊತ್ತಿದರು. ಆ ಸಮಯ ನೋಡಿ ಕೆಳದಿಯ ಶಿವಪ್ಪ ನಾಯಕನು 1652ರಿಂದ 1654ರೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳನ್ನು ಬಿಡಿಸಿಕೊಂಡ. ಆದರೂ ಗೋವೆಯ ಹೊಟ್ಟೆಗೆ ಕನ್ನಡ ಕರಾವಳಿಯ ಅಕ್ಕಿ ಬೇಕಾಗಿತ್ತು. ಕೆಳದಿಗೆ ಅದರ ಹಣ ಬೇಕಾಗಿತ್ತು. ಮತ್ತೆ ಒಪ್ಪಂದಗಳು ಆದುವು. ಇಂಗ್ಲಿಷರು ಕಾರವಾರದಲ್ಲಿ ಮೆಣಸಿನ ಕೋಠಿ ಹಾಕಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಡೀ ಕರಾವಳಿ ಅವರ ಪಾಲಾಯಿತು. ಅವರು ಅದನ್ನು 1862ರಲ್ಲಿ ಎರಡು ಹೋಳು ಮಾಡಿ ಉತ್ತರವನ್ನು ಮುಂಬಯಿಗೆ ಕೊಟ್ಟು ದಕ್ಷಿಣವನ್ನು ಮದರಾಸಿಗೆ ಉಳಿಸಿಕೊಂಡರು. ನಮ್ಮ ಬಳ್ಳಾರಿಯ ಸೀಮೆಯೂ 1953ರವರೆಗೆ ಮದರಾಸಿನಲ್ಲಿಯೇ ಇತ್ತು. ಹೀಗೆ ಹರಿದ ಬಟ್ಟೆಯ ಚೂರುಗಳನ್ನು ನಾವು 1956ರಲ್ಲಿ ಒಂದುಗೂಡಿಸಿದೆವು. ನಾಡು ಒಂದಾಯಿತು, ಇತಿಹಾಸದ ಪುಸ್ತಕ ಒಂದಾಗಲಿಲ್ಲ.

ನನ್ನ ಆಕ್ಷೇಪಣೆಯ ಸಾರ ಇದು. ನಮ್ಮ ಕಪಾಟಿನಲ್ಲಿ ವಿಜಯನಗರದ ವೈಭವ ಒಂದು ಅಂಕಣದಲ್ಲಿದೆ; ಅಬ್ಬಕ್ಕ, ಚೆನ್ನಭೈರಾದೇವಿಯರ ಹೋರಾಟ ಇನ್ನೊಂದು ಅಂಕಣದಲ್ಲಿದೆ. ಮೊದಲನೆಯದರಲ್ಲಿ ಪೋರ್ಚುಗೀಜನು ಹೊಗಳುವ ಅತಿಥಿ. ಎರಡನೆಯದರಲ್ಲಿ ಊರು ಸುಡುವ ಹಗೆ. ಅವನು ಒಬ್ಬನೇ ಮನುಷ್ಯನೆಂದು, ಕೆಳಗೆ ಸುಟ್ಟ ಕೈಯೇ ಮೇಲೆ ಕೈಮುಗಿಯಿತೆಂದು ಹೇಳುವ ಪುಸ್ತಕ ನಮಗೆ ಬೇಕು. ಅದು ವಿದ್ವಾಂಸರ ಗ್ರಂಥವೇ ಆಗಬೇಕೆಂದಿಲ್ಲ. ಹೇರಿನ ಎತ್ತು ಹೊಡೆದುಕೊಂಡು ಭಟ್ಕಳದಿಂದ ಹಂಪೆಗೆ ನಡೆದ ಒಬ್ಬ ಆಳಿನ ಕಣ್ಣಿನಿಂದ ಬರೆದ ಕಾದಂಬರಿಯಾದರೂ ಸರಿ. ಅವನು ಎರಡು ಮುಖಗಳನ್ನೂ ಕಂಡಿರುತ್ತಾನೆ. ಜೊತೆಗೆ, ಪೋರ್ಚುಗೀಜ್ ಕಲಿತು ಮೂಲದಿಂದಲೇ ಈ ಬರಹಗಳನ್ನು ಕನ್ನಡಿಸಿ, ಪರ್ದಾವೊ ಬಂದಲ್ಲಿ ಪ್ರತಾಪವೆಂದು ಗುರುತಿಸಿ ಟಿಪ್ಪಣಿ ಬರೆಯುವ ತರುಣರು ಹೆಚ್ಚಲಿ. ಗೋವೆ ನಮ್ಮ ನೆರೆಯಲ್ಲಿಯೇ ಇದೆ. ಅಲ್ಲಿಯ ದಫ್ತರಗಳಲ್ಲಿ ಕನ್ನಡ ಕರಾವಳಿಯ ಸುದ್ದಿ ರಾಶಿಯಾಗಿ ಬಿದ್ದಿದೆ.

ಪರರ ಹೊಗಳಿಕೆಯನ್ನು ಶೋಧಿಸಿದವನು ತನ್ನ ಹೊಗಳಿಕೆಯನ್ನು ಶೋಧಿಸದೆ ಬಿಡಬಾರದು. ನಮ್ಮ ಹೊಳಲಿನಲ್ಲಿ ದೊಡ್ಡದೊಂದು ಅನಂತಶಯನನ ಮೂರ್ತಿಯಿದೆ. ಕೃಷ್ಣದೇವರಾಯನು ಆ ದೇವರನ್ನು ಹೊಸಪೇಟೆಯ ಬಳಿ ತಾನು ಕಟ್ಟಿಸಿದ ಗುಡಿಗೆ ಕರೆದನಂತೆ. ‘ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ತಿರುಗಿ ನೋಡಬೇಡ’ ಎಂದು ದೇವರು ಹೇಳಿದನಂತೆ. ರಾಯನು ಸಂಶಯಪಟ್ಟು ತಿರುಗಿ ನೋಡಿದ. ದೇವರು ಹೊಳಲಿನಲ್ಲಿಯೇ ಉಳಿದ. ಅನಂತಶಯನಗುಡಿ ಇಂದಿಗೂ ಬರಿದು. ಚಿಕ್ಕಂದಿನಿಂದ ನಾವು ಈ ಕತೆಯನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇವೆ. ಚಕ್ರವರ್ತಿಯ ಪಟ್ಟಣಕ್ಕಿಂತ ದೇವರಿಗೆ ನಮ್ಮ ಊರೇ ಮೇಲಾಯಿತು ಎಂಬುದು ಅದರ ತಾತ್ಪರ್ಯ. ಇದೂ ಹೊಗಳಿಕೆಯೇ ಅಲ್ಲವೆ? ಇದನ್ನು ಹೇಳುವವರಿಗೂ ಒಂದು ಲೆಕ್ಕವಿದೆ. ಆದರೂ ಪಾಯೆಸನ ಬರಹದ ಪಕ್ಕದಲ್ಲಿ ಇದನ್ನು ಇಟ್ಟು ಓದಿದರೆ ಒಂದು ಲಾಭವುಂಟು: ಅಲ್ಲಿ ರಾಯನು ತಪ್ಪೇ ಇಲ್ಲದ ಅರಸು, ಇಲ್ಲಿ ತಪ್ಪು ಮಾಡಿದ ಮನುಷ್ಯ.

ಈ ಲೇಖನದ ಸಾರವನ್ನು ದಲಾಲಿ ಮುದುಕರಿಗೆ ಒಂದು ದಿನ ಹೇಳಿದೆ. ಕುದುರೆ, ಅಕ್ಕಿ, ಗೋವೆ, ಹೊರ್ಮುಜು ಎಲ್ಲವನ್ನೂ ಕೇಳಿಕೊಂಡರು. ಕೊನೆಗೆ, “ಹಂಗಾದ್ರ ಅವ ಹೊಗಳಿದ್ದು ಸುಳ್ಳೇನ್ರಿ?” ಎಂದರು. ಅವರ ದನಿಯಲ್ಲಿ ತುಸು ಬೇಸರವಿತ್ತು. ಅವರಿಗೂ ಹಂಪೆಯ ಹೊಗಳಿಕೆ ಬೇಕಾಗಿತ್ತೆಂದು ಆಗ ತಿಳಿಯಿತು.

“ಸುಳ್ಳಲ್ಲ ಅಜ್ಜ, ಖರೇನ. ಮನಿ ಚಂದ ಇತ್ತು. ಆದ್ರ ಆತ ಬಂದಿದ್ದು ಮನಿ ನೋಡಾಕಲ್ಲ” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟ ತಿಳದ್ರ ಸಾಕ್ ಬಿಡ್ರಿ” ಎಂದರು.